ಕೀವು ಕಟ್ಟದ ಸೋಂಕು

(ಜಿಲ್ಲಾ ಕೇಂದ್ರವೊಂದರಲ್ಲಿ ವೈದ್ಯರು, ನರ್ಸ್‌ಗಳು ಮತ್ತು ರಕ್ತದ ಕಾಯಿಲೆಯಿರುವ ಮಕ್ಕಳ ತಂದೆತಾಯಂದಿರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲು ಒಂದು ರಕ್ತಪರೀಕ್ಷೆಯ ವರದಿಯನ್ನು ಓದುತ್ತೇನೆ. ಹುಡುಗನ ವಯಸ್ಸು ಒಂಬತ್ತು. ಹಿಮೋಗ್ಲೋಬಿನ್ 5.2. ಒಟ್ಟು ಬಿಳಿ ರಕ್ತಕಣ 1,800. ಪ್ಲೇಟ್‌ಲೆಟ್ 9,000. ನಿನ್ನೆ ಸಂಜೆಯಿಂದ ಜ್ವರ, ಈಗ 101.4 ಡಿಗ್ರಿ. ಮಳೆಗಾಲ ಬೇರೆ. ನಿಮ್ಮಲ್ಲಿ ಎಷ್ಟು ಜನರ ಬಾಯಿಗೆ ‘ಡೆಂಗಿ’ ಎಂಬ ಮಾತು ಬಂತು? ಸಂಕೋಚ ಬೇಡ, ಕೈ ಎತ್ತಿ. ಈ ಹುಡುಗನನ್ನು ಮೊದಲು ನೋಡಿದ ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಹಾಗೆಯೇ ಅಂದುಕೊಂಡರು. ಅವರ ಜಾಗದಲ್ಲಿ ನಾನಿದ್ದಿದ್ದರೂ ಮೊದಲ ಐದು ನಿಮಿಷ ಅದನ್ನೇ ಅಂದುಕೊಳ್ಳುತ್ತಿದ್ದೆ. ನಮ್ಮ ಊರುಗಳಲ್ಲಿ ಪ್ಲೇಟ್‌ಲೆಟ್ ಎಂಬ ಶಬ್ದ ಮನೆಮಾತಾದದ್ದೇ ಡೆಂಗಿಯಿಂದ. ಹುಡುಗನ ಮನೆಯವರು ಆಗಲೇ ಪಪ್ಪಾಯಿ ಎಲೆಯ ರಸವನ್ನೂ ಕುಡಿಸಿದ್ದರು.

ಆದರೆ ಆ ವೈದ್ಯರು ಆರನೆಯ ನಿಮಿಷ ಹಿಮೋಗ್ಲೋಬಿನ್ ಮೇಲೆ ಕಣ್ಣಿಟ್ಟರು. ಡೆಂಗಿಯಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತದೆ. ದೊಡ್ಡ ರಕ್ತಸ್ರಾವ ಆಗದಿದ್ದರೆ ಹಿಮೋಗ್ಲೋಬಿನ್ 5ಕ್ಕೆ ಇಳಿಯುವ ಕಾರಣವೇ ಇಲ್ಲ. ತಾಯಿಯನ್ನು ಕೇಳಿದಾಗ, ಮಗು ಎರಡು ತಿಂಗಳಿಂದ ಬಿಳಿಚಿಕೊಂಡಿದ್ದಾನೆ, ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ, ಮೊಣಕಾಲಿನ ಕೆಳಗೆ ಪೆಟ್ಟು ಬೀಳದೆಯೂ ನೀಲಿ ಕಲೆಗಳು ಏಳುತ್ತವೆ ಎಂದರು. ಎರಡು ತಿಂಗಳ ಡೆಂಗಿ ಎಂಬುದು ಇಲ್ಲ. ಆಗ ಅವರು ವರದಿಯ ಎರಡನೆಯ ಪುಟ ತಿರುಗಿಸಿದರು. ಬಿಳಿ ರಕ್ತಕಣಗಳ ವಿಂಗಡಣೆ ಅಲ್ಲಿತ್ತು: ಲಿಂಫೋಸೈಟ್ ಶೇಕಡಾ 90, ನ್ಯೂಟ್ರೋಫಿಲ್ ಶೇಕಡಾ 8.

ಲೆಕ್ಕ ಮಾಡಿ. 1,800ರಲ್ಲಿ ಶೇಕಡಾ 8 ಎಂದರೆ 144. ಈ ವಯಸ್ಸಿನ ಆರೋಗ್ಯವಂತ ಮಗುವಿನಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 1,500ಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಇರಬೇಕು. 1,800 ಎಂಬ ಒಟ್ಟು ಅಂಕಿ ‘ಸ್ವಲ್ಪ ಕಡಿಮೆ’ ಎನ್ನುವ ಹಾಗೆ ಕಾಣುತ್ತದೆ. 144 ಹಾಗೆ ಕಾಣುವುದಿಲ್ಲ. ಲ್ಯಾಬಿನವರು ಈ ಗುಣಾಕಾರವನ್ನು ಮಾಡಿಕೊಡುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಯಂತ್ರದ ವಿಂಗಡಣೆ ಇಷ್ಟು ಕಡಿಮೆ ಎಣಿಕೆಯಲ್ಲಿ ದಾರಿ ತಪ್ಪುವುದೂ ಉಂಟು, ಆದ್ದರಿಂದ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವವರೊಬ್ಬರು ಇದ್ದರೆ ನೋಡಿಸಿ.

ನ್ಯೂಟ್ರೋಫಿಲ್ ಬಗ್ಗೆ ಎರಡು ಮಾತು, ಮುಖ್ಯವಾಗಿ ತಂದೆತಾಯಂದಿರಿಗಾಗಿ. ಎಲುಬಿನೊಳಗಿನ ಮಜ್ಜೆ ರಕ್ತದ ಕಾರ್ಖಾನೆ. ಬ್ಯಾಕ್ಟೀರಿಯಾಗಳ ವಿರುದ್ಧ ಮೊದಲು ಹೋರಾಡುವ ಬಿಳಿ ಕಣವೇ ನ್ಯೂಟ್ರೋಫಿಲ್. ದೊಡ್ಡವರೊಬ್ಬರ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ಏಕೆ ಅಷ್ಟೊಂದು ಎಂದರೆ ಅವು ರಕ್ತದಲ್ಲಿ ಒಂದು ದಿನವೂ ಬಾಳುವುದಿಲ್ಲ. ಕೆಂಪು ಕಣ ನಾಲ್ಕು ತಿಂಗಳು ಬದುಕುತ್ತದೆ, ಪ್ಲೇಟ್‌ಲೆಟ್ ಒಂದು ವಾರ, ಹತ್ತು ದಿನ. ನ್ಯೂಟ್ರೋಫಿಲ್ ಮಾತ್ರ ಅಂದಂದಿನ ಕೂಲಿಯವನ ಹಾಗೆ, ಅಂದು ಬಂದು ಅಂದೇ ಮುಗಿಯುತ್ತದೆ. ಮಜ್ಜೆ ಸೋತರೆ ಕೂಡಿಟ್ಟದ್ದು ಏನೂ ಇಲ್ಲ. ಈ ಹುಡುಗನಿಗಿದ್ದ ಅಪ್ಲಾಸ್ಟಿಕ್ ಅನೀಮಿಯಾ ಎಂದರೆ ಇದೇ. 1888ರಲ್ಲಿ ಪಾಲ್ ಎರ್ಲಿಕ್ ಎಂಬ ಜರ್ಮನ್ ವೈದ್ಯ ಒಬ್ಬ ಗರ್ಭಿಣಿಯಲ್ಲಿ ಇದನ್ನು ಮೊದಲು ಗುರುತಿಸಿದರು. ಆಕೆಯ ಮಜ್ಜೆ ಇರಬೇಕಾದ ಕಡೆ ಇದ್ದದ್ದು ಬರೀ ಕೊಬ್ಬು. ಹೆಸರಿನಲ್ಲಿ ಅನೀಮಿಯಾ ಇದೆ, ಅಂದರೆ ರಕ್ತಹೀನತೆ. ಈ ಹೆಸರು ನನಗೆ ಎಂದೂ ಇಷ್ಟವಾಗಿಲ್ಲ. ರಕ್ತ ಕಡಿಮೆಯಾಗಿರುವುದಕ್ಕೆ ರಕ್ತ ಕೊಡಬಹುದು. ಮಕ್ಕಳನ್ನು ಕೊಲ್ಲುವುದು ಹೆಚ್ಚಾಗಿ ಸೋಂಕು, ಅದರ ಸುಳಿವೇ ಹೆಸರಿನಲ್ಲಿಲ್ಲ.

ಸರಿ, 144 ನ್ಯೂಟ್ರೋಫಿಲ್ ಇರುವ ಮಗುವಿಗೆ ಸೋಂಕಾದರೆ ಏನು ಕಾಣುತ್ತದೆ? ವೈದ್ಯಶಾಸ್ತ್ರದ ವಿದ್ಯಾರ್ಥಿಗಳಾಗಿದ್ದಾಗ ನಾವು ಬಾಯಿಪಾಠ ಮಾಡಿದ್ದೆವು: ಕೆಂಪಗಾಗುವುದು, ಊದುವುದು, ಬಿಸಿಯೇರುವುದು, ನೋಯುವುದು, ಕೀವಾಗುವುದು. ಕೀವು ಎಂದರೆ ಏನು? ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಅವೇ ಇಲ್ಲದ ಮೈಯಲ್ಲಿ ಕೀವು ಎಲ್ಲಿಂದ ಬರಬೇಕು? ಹಾಗಾಗಿ ನ್ಯುಮೋನಿಯಾ ಇದ್ದರೂ ಎದೆಯ ಎಕ್ಸ್‌ರೇ ಮೊದಲ ದಿನ ಶುಭ್ರವಾಗಿರಬಹುದು. ಮೂತ್ರದಲ್ಲಿ ಸೋಂಕಿದ್ದರೂ ಕೀವುಕಣಗಳಿಲ್ಲ ಎಂದು ವರದಿ ಬರಬಹುದು. ಗಂಟಲು ತುಸು ಕೆಂಪು, ಅಷ್ಟೇ. ಉಳಿಯುವ ಒಂದೇ ಸಾಕ್ಷಿ ಜ್ವರ. ಆ ಒಂದು ಸಾಕ್ಷಿಯ ಬಾಯಿಯನ್ನೂ ನಾವು ಪ್ಯಾರಾಸಿಟಮಾಲ್ ಕೊಟ್ಟು ಮುಚ್ಚಿಸಿಬಿಡುತ್ತೇವೆ. ಜ್ವರ ಅಳೆದು ಬರೆದಿಟ್ಟುಕೊಳ್ಳುವ ಮೊದಲು ಆ ಔಷಧ ಬೇಡ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಜ್ವರ ಎಂದರೆ ಎಷ್ಟು? ಒಮ್ಮೆ 101 ಮುಟ್ಟಿದರೂ ಜ್ವರ, 100.4 ಒಂದು ಗಂಟೆ ಹಾಗೆಯೇ ನಿಂತರೂ ಜ್ವರ. ಬಾಯಿಯಲ್ಲಿ ಅಥವಾ ಕಂಕುಳಲ್ಲಿ ಅಳೆಯಿರಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಲೇಬಾರದು. ಅಲ್ಲಿ ಕೂದಲೆಳೆಯಷ್ಟು ಗಾಯವಾದರೂ ಕರುಳಿನ ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದಂತೆ. ಎನಿಮಾ ಬೇಡ, ಜ್ವರಕ್ಕೆ ಹಿಂಬದಿಯಿಂದ ಇಡುವ ಗುಳಿಗೆ ಬೇಡ, ವೈದ್ಯರೇ, ನಿಮ್ಮ ಬೆರಳೂ ಬೇಡ. ಆದರೆ ಕಣ್ಣಿನಿಂದ ನೋಡುವುದನ್ನು ಮಾತ್ರ ಬಿಡಬೇಡಿ. ಅದನ್ನು ಬಿಟ್ಟವರಲ್ಲಿ ನಾನೂ ಒಬ್ಬ. ಇದೇ ಹುಡುಗ ನಮ್ಮ ವಾರ್ಡಿಗೆ ಬಂದ ಮೇಲೆ ಎದೆ, ಹೊಟ್ಟೆ, ಬಾಯಿ, ಕಿವಿ ಎಲ್ಲವನ್ನೂ ನೋಡಿದೆವು. ಸೋಂಕು ಎಲ್ಲಿಂದ ಬಂತು ಎಂಬುದು ಸಿಗಲಿಲ್ಲ. ಎರಡನೆಯ ದಿನ ಅವನ ಅಜ್ಜಿ ಕೇಳಿದರು: “ಡಾಕ್ಟರೇ, ಇವನು ಊರಲ್ಲಿದ್ದಾಗಿನಿಂದಲೂ ಒಂದು ಮಗ್ಗುಲಿಗೆ ವಾಲಿ ಕೂರುತ್ತಾನೆ, ಯಾಕೆ ಅಂತ ನೋಡಿದಿರಾ?” ಚಡ್ಡಿ ಬಿಚ್ಚಿಸಿ ನೋಡಿದರೆ ಗುದದ್ವಾರದ ಪಕ್ಕ ಒಂದು ರೂಪಾಯಿಯಗಲದ ಜಾಗ ಗಟ್ಟಿಯಾಗಿತ್ತು, ಮುಟ್ಟಿದರೆ ಹುಡುಗ ಕಿರುಚಿದ. ಬಣ್ಣ ಬದಲಾಗಿರಲಿಲ್ಲ. ಕೀವಿರಲಿಲ್ಲ. ಬೇರೆ ಮಗುವಾಗಿದ್ದರೆ ಅದು ನಿಂಬೆಹಣ್ಣಿನ ಗಾತ್ರದ ಕುರುವಾಗಿರುತ್ತಿತ್ತು. ನಾಚಿಕೆಯಿಂದ ಅವನು ಹೇಳಿರಲಿಲ್ಲ. ನಾಚಿಕೆಯಿಂದಲೋ ಅವಸರದಿಂದಲೋ ನಾವು ನೋಡಿರಲಿಲ್ಲ.

ಇನ್ನೊಂದು ಗುರುತನ್ನೂ ಹೇಳಿಬಿಡುತ್ತೇನೆ. ಮೈಮೇಲೆ ಎಲ್ಲಾದರೂ ಕೆಂಪು ಚುಕ್ಕೆಯೊಂದು ಎದ್ದು, ನೋಡನೋಡುತ್ತಲೇ ನಡುವೆ ಕಪ್ಪಾಗಿ, ಸುತ್ತ ಕೆಂಪು ಬಳೆಯ ಹಾಗಾದರೆ ಅದು ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿರುವ ಗುರುತು ಎಂದೇ ತಿಳಿಯಿರಿ. ಪ್ಲೇಟ್‌ಲೆಟ್ ಕಡಿಮೆಯಿರುವ ಮಗುವಿನ ಮೈಯಲ್ಲಿ ಹೇಗೂ ಕಲೆಗಳಿರುತ್ತವೆ, ಅವುಗಳ ನಡುವೆ ಇದು ತಪ್ಪಿಸಿಕೊಳ್ಳುತ್ತದೆ.

ಈಗ ಚಿಕಿತ್ಸೆಗೆ ಬರೋಣ. 1966ರಲ್ಲಿ ಅಮೆರಿಕದ ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು ರಕ್ತದ ಕ್ಯಾನ್ಸರ್ ಇರುವವರಲ್ಲಿ ನ್ಯೂಟ್ರೋಫಿಲ್ ಇಳಿದಷ್ಟೂ ಸೋಂಕು ಏರುತ್ತದೆ, ಕಡಿಮೆ ಎಣಿಕೆ ಎಷ್ಟು ದಿನ ಮುಂದುವರಿಯುತ್ತದೋ ಅಷ್ಟೂ ಅಪಾಯ ಹೆಚ್ಚು ಎಂದು ಎಣಿಸಿ ತೋರಿಸಿದರು. 500ರ ಕೆಳಗೆ ಅಪಾಯ, 100ರ ಕೆಳಗೆ ಮಹಾ ಅಪಾಯ. ಆದರೂ ಆ ಕಾಲದ ವೈದ್ಯರು ಕಲ್ಚರ್ ವರದಿಗಾಗಿ, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವವರೆಗೆ, ಕಾಯುತ್ತಿದ್ದರು. ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಾಗದೆ ಔಷಧ ಕೊಡುವುದು ಅಶಾಸ್ತ್ರೀಯ ಎಂಬ ಭಾವನೆಯಿತ್ತು. ವರದಿ ಬರುವಷ್ಟರಲ್ಲಿ ಸ್ಯೂಡೋಮೊನಾಸ್ ತಗುಲಿದ ರೋಗಿಗಳಲ್ಲಿ ಎಷ್ಟೋ ಮಂದಿ ತೀರಿಕೊಂಡಿರುತ್ತಿದ್ದರು. 1971ರಲ್ಲಿ ಸ್ಟೀಫನ್ ಶಿಂಫ್ ಮತ್ತವರ ತಂಡ ಜ್ವರ ಕಂಡ ಕೂಡಲೇ, ಕಾಯದೆ, ಕಾರ್ಬೆನಿಸಿಲಿನ್ ಮತ್ತು ಜೆಂಟಾಮೈಸಿನ್ ಎರಡನ್ನೂ ಕೊಡಲು ಶುರು ಮಾಡಿದ ಅನುಭವವನ್ನು ಪ್ರಕಟಿಸಿತು. ಸಾವುಗಳು ಇಳಿದವು. ಔಷಧಗಳ ಹೆಸರು ಆಮೇಲೆ ಎಷ್ಟೋ ಬಾರಿ ಬದಲಾಗಿವೆ. ಮೊದಲು ಔಷಧ, ಆಮೇಲೆ ಹೆಸರು ಎಂಬ ಕ್ರಮ ಐವತ್ತು ವರ್ಷ ಕಳೆದರೂ ಬದಲಾಗಿಲ್ಲ.

ಇವತ್ತಿನ ನಿಯಮ ಒಂದು ಗಂಟೆಯದು. ಮಗು ಆಸ್ಪತ್ರೆಯ ಬಾಗಿಲು ದಾಟಿದ ಅರವತ್ತು ನಿಮಿಷದೊಳಗೆ ಆ್ಯಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಿರಬೇಕು. ಯಾವ ಆಸ್ಪತ್ರೆಯ ಬಾಗಿಲು? ನನ್ನ ಇವತ್ತಿನ ಮಾತೆಲ್ಲ ಈ ಪ್ರಶ್ನೆಗಾಗಿ ಇದೆ ಅಂದುಕೊಳ್ಳಿ. ಬೆಂಗಳೂರಿನ ಆಸ್ಪತ್ರೆಯ ಬಾಗಿಲಲ್ಲ. ಮಗುವಿನ ಮನೆಗೆ ಹತ್ತಿರದ, ಡ್ರಿಪ್ ಹಾಕಬಲ್ಲ ಆಸ್ಪತ್ರೆಯ ಬಾಗಿಲು.

ಕೆಲವು ವರ್ಷಗಳ ಹಿಂದೆ ಆರು ವರ್ಷದ ಒಂದು ಹುಡುಗಿ ನಮ್ಮಲ್ಲಿಗೆ ಬಂದಳು. ಕೈಯಲ್ಲಿ ಬಹಳ ಅಚ್ಚುಕಟ್ಟಾದ ರೆಫರಲ್ ಚೀಟಿ. ರೋಗ ಸರಿಯಾಗಿ ಗುರುತಾಗಿತ್ತು, ನ್ಯೂಟ್ರೋಫಿಲ್ ಎಣಿಕೆ ಬರೆದಿತ್ತು, ‘ತುರ್ತು’ ಎಂದು ಎರಡು ಗೆರೆ ಎಳೆದಿತ್ತು. ಎರಡು ಆಸ್ಪತ್ರೆ ದಾಟಿ, ಆ್ಯಂಬುಲೆನ್ಸಿಗಾಗಿ ಕಾದು, ಏಳು ಗಂಟೆ ಪ್ರಯಾಣ ಮಾಡಿ ಬಂದಿದ್ದಳು. ಆ ಏಳು ಗಂಟೆಯಲ್ಲಿ ಅವಳ ಮೈಗೆ ಹೋದದ್ದು ಗ್ಲೂಕೋಸ್ ಮತ್ತು ಪ್ಯಾರಾಸಿಟಮಾಲ್. ನಾವು ಹತ್ತು ನಿಮಿಷದಲ್ಲಿ ಔಷಧ ಕೊಟ್ಟೆವು. ಅವಳ ರಕ್ತದೊತ್ತಡ ಆಗಲೇ ಕುಸಿದಿತ್ತು, ಮರುದಿನ ಮಧ್ಯಾಹ್ನ ಹೋಗಿಬಿಟ್ಟಳು. ಯಾರೂ ಕೆಟ್ಟವರಲ್ಲ, ಯಾರೂ ಸೋಮಾರಿಗಳಲ್ಲ. ‘ಇದು ದೊಡ್ಡ ಕಾಯಿಲೆ, ನಾವು ಕೈ ಹಾಕುವುದು ಬೇಡ’ ಎಂಬ ವಿನಯವೇ ಅವಳಿಗೆ ಮುಳುವಾಯಿತು. ಅಂಥ ವಿನಯ ಬಿಡಿ ಎಂದು ಕೇಳಲು ನಾನು ಇಲ್ಲಿಗೆ ಬಂದಿದ್ದೇನೆ.

ಏನು ಕೊಡಬೇಕು? ಸಾಧ್ಯವಾದರೆ ಮೊದಲು ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಿರಿ. ಬಾಟಲಿ ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ. ಸ್ಯೂಡೋಮೊನಾಸನ್ನೂ ಹೊಡೆಯುವ ಔಷಧ ಬೇಕು: ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್, ಸೆಫೆಪಿಮ್ ಅಥವಾ ಸೆಫೋಪೆರಜೋನ್-ಸಲ್ಬ್ಯಾಕ್ಟಮ್. ಇವತ್ತು ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪಿನಲ್ಲೂ ಇವುಗಳಲ್ಲಿ ಒಂದಾದರೂ ಸಿಗುತ್ತದೆ. ಮಗು ಸುಸ್ತಾಗಿದ್ದರೆ, ಕೈಕಾಲು ತಣ್ಣಗಿದ್ದರೆ, ಜೊತೆಗೆ ಅಮಿಕಾಸಿನ್ ಒಂದು ಡೋಸ್ ಕೊಡಿ. ಮೂತ್ರಪಿಂಡಕ್ಕೆ, ಕಿವಿಗೆ ಅದು ಒಳ್ಳೆಯದಲ್ಲ ಎಂಬುದು ನಿಜ, ಆದರೆ ಒಂದು ಡೋಸಿನಿಂದ ಕಿವುಡಾಗುವ ಭಯಕ್ಕಿಂತ ಈ ರಾತ್ರಿ ದಾಟುವ ಚಿಂತೆ ದೊಡ್ಡದು. ಸೆಫ್ಟ್ರಿಯಾಕ್ಸೋನ್ ಒಂದೇ ಇದೆಯೇ? ಅದು ಸ್ಯೂಡೋಮೊನಾಸ್‌ಗೆ ನಾಟುವುದಿಲ್ಲ, ಆದರೂ ಅಮಿಕಾಸಿನ್ ಜೊತೆ ಸೇರಿಸಿ ಕೊಟ್ಟು ಕಳುಹಿಸಿ. ಪಠ್ಯಪುಸ್ತಕ ಇದನ್ನು ಒಪ್ಪಲಿಕ್ಕಿಲ್ಲ. ಖಾಲಿ ಡ್ರಿಪ್‌ಗಿಂತ ಇದು ಮೇಲು ಎನ್ನುವುದು ನನ್ನ ಅಭಿಪ್ರಾಯ. ಎಲ್ಲವನ್ನೂ ರಕ್ತನಾಳಕ್ಕೇ ಕೊಡಬೇಕು. ಪ್ಲೇಟ್‌ಲೆಟ್ 9,000 ಇರುವ ಮಗುವಿನ ತೊಡೆಗೆ ಸೂಜಿ ಚುಚ್ಚಿದರೆ ಅಲ್ಲಿ ರಕ್ತ ಗಡ್ಡೆಕಟ್ಟುತ್ತದೆ, ಆ ಗಡ್ಡೆಯೇ ಮುಂದಿನ ಸೋಂಕಿನ ಮನೆ. ಜ್ವರಕ್ಕೆ ಐಬುಪ್ರೋಫೆನ್, ಡೈಕ್ಲೋಫೆನಾಕ್ ಕೂಡದು.

ನಮ್ಮ ಒಂಬತ್ತು ವರ್ಷದ ಹುಡುಗನ ವಿಷಯದಲ್ಲಿ ನಡೆದದ್ದು ಇಷ್ಟು. ತಾಲ್ಲೂಕು ಆಸ್ಪತ್ರೆಯ ವೈದ್ಯರು ರಾತ್ರಿ ಎಂಟೂವರೆಗೆ ಫೋನ್ ಮಾಡಿದರು. ಎದುರಿನ ಅಂಗಡಿಯಿಂದ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ತರಿಸಿದರು, ಅಮಿಕಾಸಿನ್ ಅವರ ಬಳಿಯೇ ಇತ್ತು. ನಲವತ್ತು ನಿಮಿಷದಲ್ಲಿ ಎರಡೂ ಹೋದವು. ಹುಡುಗ ನಮ್ಮಲ್ಲಿಗೆ ತಲುಪಿದಾಗ ಬೆಳಗಿನ ಜಾವ. ಅವರು ತೆಗೆದು ಕಳುಹಿಸಿದ್ದ ಕಲ್ಚರ್ ಬಾಟಲಿಯಲ್ಲಿ ಕ್ಲೆಬ್ಸಿಯೆಲ್ಲಾ ಬೆಳೆಯಿತು. ಪೂರ್ತಿ ವರದಿ ಬಂದಾಗ ನೋಡಿದರೆ ಆ ಬ್ಯಾಕ್ಟೀರಿಯಾ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್‌ಗೆ ಬಗ್ಗದ್ದು, ಅಮಿಕಾಸಿನ್‌ಗೆ ಮತ್ತು ಮೆರೊಪೆನೆಮ್ ಎಂಬ ಇನ್ನೂ ಪ್ರಬಲವಾದ ಆ್ಯಂಟಿಬಯೋಟಿಕ್‌ಗೆ ಬಗ್ಗುವಂಥದ್ದು. ಅಂದರೆ ಆ ರಾತ್ರಿ ಅವನನ್ನು ಹಿಡಿದು ನಿಲ್ಲಿಸಿದ್ದು ‘ಜೊತೆಗಿರಲಿ’ ಎಂದು ಕೊಟ್ಟ ಆ ಒಂದು ಅಗ್ಗದ ಇಂಜೆಕ್ಷನ್.

ಇಲ್ಲಿ ಡ್ರಿಪ್ ಬಗ್ಗೆ ಒಂದು ಎಚ್ಚರಿಕೆ, ವಿಷಯಾಂತರವಾದರೂ ಹೇಳಬೇಕು. ರಕ್ತದೊತ್ತಡ ಕುಸಿದ ಮಗುವಿಗೆ ಸಲೈನ್ ಹರಿಸು ಎಂದು ನಮಗೆಲ್ಲ ಕಲಿಸಿದ್ದಾರೆ. 2011ರಲ್ಲಿ ಉಗಾಂಡ, ಕೀನ್ಯಾ, ತಾಂಜಾನಿಯಾಗಳಲ್ಲಿ 3,141 ಮಕ್ಕಳ ಮೇಲೆ ನಡೆದ ಫೀಸ್ಟ್ ಎಂಬ ಅಧ್ಯಯನದ ಫಲಿತಾಂಶ ಬಂತು. ತೀವ್ರ ಜ್ವರದ ಜೊತೆಗೆ ರಕ್ತಸಂಚಾರ ಕುಂದಿದ್ದ ಆ ಮಕ್ಕಳಲ್ಲಿ, ವೇಗವಾಗಿ ದ್ರವ ಸುರಿಸಿಕೊಂಡವರೇ ಹೆಚ್ಚು ಸತ್ತಿದ್ದರು. ವೆಂಟಿಲೇಟರ್ ಇಲ್ಲದ ಆಸ್ಪತ್ರೆಗಳು, ಬಹಳಷ್ಟು ಮಕ್ಕಳಲ್ಲಿ ಮಲೇರಿಯಾ ಮತ್ತು ತೀವ್ರ ರಕ್ತಹೀನತೆ. ಅದನ್ನು ಹಾಗೆಯೇ ಎತ್ತಿ ನಮ್ಮಲ್ಲಿಗೆ ಅನ್ವಯಿಸಲಾಗದು. ಆದರೆ ಹಿಮೋಗ್ಲೋಬಿನ್ 5 ಇರುವ ಮಗುವಿಗೆ ಲೀಟರ್‌ಗಟ್ಟಲೆ ಸಲೈನ್ ಹರಿಸಿದರೆ ಇರುವ ರಕ್ತವೂ ನೀರಾಗುತ್ತದೆ, ದಣಿದ ಹೃದಯಕ್ಕೆ ಹೊರೆಯಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಕೊಡಿ, ಪ್ರತಿ ಸಲ ಉಸಿರನ್ನೂ ಯಕೃತ್ತನ್ನೂ ನೋಡಿ, ರಕ್ತವನ್ನು ಬೇಗ ತರಿಸಿ, ರಕ್ತದೊತ್ತಡ ಏರಿಸುವ ಔಷಧವನ್ನು ತಡಮಾಡದೆ ಶುರುಮಾಡಿ.

ರಕ್ತ ತರಿಸಿ ಎಂದೆ. ಯಾರ ರಕ್ತ? ಮಗುವಿಗೆ ರಕ್ತ ಬೇಕು ಎಂದರೆ ನಮ್ಮಲ್ಲಿ ಅಪ್ಪ, ಚಿಕ್ಕಪ್ಪ, ಸೋದರಮಾವ ತೋಳು ಮಡಚಿಕೊಂಡು ನಿಂತುಬಿಡುತ್ತಾರೆ. ಕಣ್ಣು ತುಂಬಿ ಬರುವ ದೃಶ್ಯ ಅದು. ಆದರೂ ಈ ಕಾಯಿಲೆಯಲ್ಲಿ ಮನೆಯವರ ರಕ್ತ ಬೇಡ. ನಾಳೆ ಒಡಹುಟ್ಟಿದವರ ಮಜ್ಜೆಯನ್ನೇ ಈ ಮಗುವಿಗೆ ಕಸಿ ಮಾಡಬೇಕಾಗಬಹುದು. ಮನೆಯವರ ರಕ್ತದ ರುಚಿ ಮೊದಲೇ ಹತ್ತಿದ ಮೈ ಆ ಮಜ್ಜೆಯನ್ನು ತಿರಸ್ಕರಿಸುವ ಸಂಭವ ಹೆಚ್ಚು. ಅಪ್ಪನ ರಕ್ತ ಬ್ಲಡ್ ಬ್ಯಾಂಕಿಗೆ ಹೋಗಲಿ, ಬೇರೆ ಮಗುವಿಗೆ ಸಲ್ಲಲಿ. ಇವನಿಗೆ ಅಪರಿಚಿತರದು ಬರಲಿ, ಬಿಳಿ ಕಣಗಳನ್ನು ಸೋಸಿ, ವಿಕಿರಣ ಹಾಯಿಸಿದ್ದು ಬರಲಿ. ಇದನ್ನು ಅಪ್ಪನಿಗೆ ಹೇಳುವುದು ಎಷ್ಟು ಕಷ್ಟ ಎಂದು ಹೇಳಿದವರಿಗೇ ಗೊತ್ತು.

ದೊಡ್ಡ ಆಸ್ಪತ್ರೆ ಸೇರಿದ ಮೇಲೆ ಬೇರೆಯೇ ಯುದ್ಧ. ಪಾಶ್ಚಾತ್ಯ ಪಠ್ಯಪುಸ್ತಕಗಳಲ್ಲಿ ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್‌ಗಳ ವಿಚಾರ ಹೆಚ್ಚು. ನಮ್ಮ ವಾರ್ಡುಗಳಲ್ಲಿ ಹೆಚ್ಚಾಗಿ ಬೆಳೆಯುವುದು ಕರುಳಿನಿಂದ ಬರುವ ಗ್ರಾಮ್-ನೆಗೆಟಿವ್ ಜಾತಿಯವು: ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್, ಅಸಿನೆಟೊಬ್ಯಾಕ್ಟರ್. ಇವುಗಳಲ್ಲಿ ಮೆರೊಪೆನೆಮ್‌ಗೂ ಬಗ್ಗದವು ಎಷ್ಟೋ. ಹಾಗೆ ಬಗ್ಗದಂತೆ ಮಾಡುವ ಒಂದು ಕಿಣ್ವಕ್ಕೆ ನಮ್ಮ ರಾಜಧಾನಿಯ ಹೆಸರೇ ಅಂಟಿಕೊಂಡಿದೆ, ಎನ್‌ಡಿಎಂ, ನ್ಯೂ ಡೆಲ್ಲಿ ಎಂದು ಶುರುವಾಗುವ ಹೆಸರು. ಇಂಥ ಬ್ಯಾಕ್ಟೀರಿಯಾಕ್ಕೆ ಉಳಿಯುವುದು ಕೊಲಿಸ್ಟಿನ್, ಇಲ್ಲವೇ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಜೊತೆ ಅಜ್ಟ್ರಿಯೋನಾಮ್ ಬೆರೆಸಿದ ದುಬಾರಿ ಮದ್ದು. ಕೊಲಿಸ್ಟಿನ್ ಮೂತ್ರಪಿಂಡಕ್ಕೆ ಕಠಿಣ ಎಂದು ಒಂದು ಕಾಲದಲ್ಲಿ ಮೂಲೆಗೆ ಸರಿಸಿದ್ದ ಹಳೆಯ ಔಷಧ, ಬೇರೆ ದಾರಿಯಿಲ್ಲದೆ ಮತ್ತೆ ಹೊರತೆಗೆದಿದ್ದೇವೆ. ಇದೇ ಕೊಲಿಸ್ಟಿನನ್ನು ಕೋಳಿಗಳು ಬೇಗ ಕೊಬ್ಬಲೆಂದು ಮೇವಿಗೆ ಬೆರೆಸುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಮಕ್ಕಳ ವಾರ್ಡಿನಲ್ಲಿ ಕೊನೆಯ ಅಸ್ತ್ರವೆಂದು ಬೀಗ ಹಾಕಿಟ್ಟದ್ದು ಕೋಳಿಮೇವಿನ ಚೀಲದಲ್ಲಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹಾಗಾದರೆ ಜ್ವರ ಬಂದ ಎಲ್ಲರಿಗೂ ಮೊದಲ ದಿನವೇ ಬ್ರಹ್ಮಾಸ್ತ್ರ ಬಿಡಬೇಕೆ? ಬೇಡ. ಮಗು ಗಟ್ಟಿಯಾಗಿದ್ದರೆ ಸಣ್ಣದರಿಂದ ಶುರುಮಾಡಿ ಏರುತ್ತೇವೆ. ಮಗು ಆಘಾತದಲ್ಲಿದ್ದರೆ, ಅಂದರೆ ರಕ್ತದೊತ್ತಡ ಕುಸಿದಿದ್ದರೆ, ಅಥವಾ ಅದರ ಕರುಳಿನಲ್ಲಿ ಬಗ್ಗದ ಬ್ಯಾಕ್ಟೀರಿಯಾ ನೆಲೆಯಾಗಿದೆ ಎಂದು ಮೊದಲೇ ಗೊತ್ತಿದ್ದರೆ, ದೊಡ್ಡದರಿಂದ ಶುರುಮಾಡಿ ವರದಿ ನೋಡಿ ಇಳಿಯುತ್ತೇವೆ. ಏರುವುದು ಎಲ್ಲರಿಗೂ ಬರುತ್ತದೆ. ಇಳಿಯುವುದಕ್ಕೆ ಎದೆಗಾರಿಕೆ ಬೇಕು.

ನಿಲ್ಲಿಸುವುದಕ್ಕೆ ಇನ್ನೂ ಹೆಚ್ಚು. ರಕ್ತದ ಕ್ಯಾನ್ಸರಿಗೂ ಮಜ್ಜೆ ಸೋಲುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಕೀಮೋಥೆರಪಿ ಕೊಟ್ಟಾಗ ನ್ಯೂಟ್ರೋಫಿಲ್ ಇಳಿಯುತ್ತವೆ, ಎರಡು ಮೂರು ವಾರದಲ್ಲಿ ಏರುತ್ತವೆ. ಅಷ್ಟು ದಿನ ಮಗುವನ್ನು ಕಾಪಾಡಿದರೆ ಸಾಕು. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ತಾನಾಗಿ ಏರುವ ದಿನವೇ ಇಲ್ಲ. ನ್ಯೂಟ್ರೋಫಿಲ್ ಏರುವವರೆಗೂ ಆ್ಯಂಟಿಬಯೋಟಿಕ್ ಮುಂದುವರಿಸುತ್ತೇನೆ ಎಂದರೆ ತಿಂಗಳುಗಟ್ಟಲೆ ಕೊಡಬೇಕು. ಅಷ್ಟರಲ್ಲಿ ಕರುಳಿನಲ್ಲಿ ಬಗ್ಗದವು ಮಾತ್ರ ಉಳಿಯುತ್ತವೆ, ಅವುಗಳ ಹಿಂದೆ ಶಿಲೀಂಧ್ರ ಬರುತ್ತದೆ. ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, 48 ಗಂಟೆಯಿಂದ ಜ್ವರವಿಲ್ಲ, ಮಗು ಆಡುತ್ತಿದೆ ಎಂದಾದರೆ ಎಣಿಕೆ ಏರದಿದ್ದರೂ ನಿಲ್ಲಿಸಬಹುದು ಎಂದು ಯುರೋಪಿನ ತಜ್ಞರು 2013ರಲ್ಲೇ ಹೇಳಿದರು. 2017ರಲ್ಲಿ ಸ್ಪೇನಿನಲ್ಲಿ ರಕ್ತದ ಕಾಯಿಲೆಯಿರುವ ವಯಸ್ಕರ ಮೇಲೆ ನಡೆದ ಪ್ರಯೋಗವೂ ಅದನ್ನು ಬೆಂಬಲಿಸಿತು. ಮಕ್ಕಳ ವಿಷಯದಲ್ಲಿ ನಾವು ಇನ್ನೂ ಹೆಚ್ಚು ಹುಷಾರು. ನಿಲ್ಲಿಸುತ್ತೇವೆ, ಆದರೆ ವಾರ್ಡಿನಲ್ಲೇ ಕಣ್ಣೆದುರು ಇಟ್ಟುಕೊಂಡು. ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದರೆ ಮಾತು ಬೇರೆ, ಆಗ ಕೋರ್ಸ್ ಪೂರ್ತಿಯಾಗಬೇಕು. ಸರಿಯಾದ ಔಷಧ ನಡೆಯುತ್ತಿದ್ದರೂ ನಾಲ್ಕಾರು ದಿನ ಜ್ವರ ಬಿಡದಿದ್ದರೆ ಶಿಲೀಂಧ್ರಕ್ಕೂ ಮದ್ದು ಶುರು.

“ನ್ಯೂಟ್ರೋಫಿಲ್ ಏರಿಸುವ ಇಂಜೆಕ್ಷನ್ ಇದೆಯಲ್ಲ?” ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. ಇದೆ, ಜಿ-ಸಿಎಸ್‌ಎಫ್. ಅದರ ಒಂದು ಒಳ್ಳೆಯ ಕಥೆಯೂ ಇದೆ. 1950ರ ದಶಕದಲ್ಲಿ ಸ್ವೀಡನ್ನಿನ ಉತ್ತರ ತುದಿಯ ಕುಟುಂಬಗಳಲ್ಲಿ ನ್ಯೂಟ್ರೋಫಿಲ್ ಇಲ್ಲದೆಯೇ ಹುಟ್ಟುತ್ತಿದ್ದ ಕೂಸುಗಳನ್ನು ರೋಲ್ಫ್ ಕೋಸ್ಟ್‌ಮನ್ ಎಂಬ ವೈದ್ಯರು ವಿವರಿಸಿದರು. ಹೆಚ್ಚಿನವು ಎಳವೆಯಲ್ಲೇ ಸೋಂಕಿನಿಂದ ಸಾಯುತ್ತಿದ್ದವು. ಮೂರು ನಾಲ್ಕು ದಶಕದ ನಂತರ ಜಿ-ಸಿಎಸ್‌ಎಫ್ ಬಂದಾಗ ಅಂಥ ಮಕ್ಕಳಲ್ಲಿ ಬಹುಪಾಲಿಗೆ ಎಣಿಕೆ ಏರಿತು, ಅವರು ಶಾಲೆಗೆ ಹೋದರು, ದೊಡ್ಡವರಾದರು. ಅಲ್ಲಿ ಮೊಳಕೆ ಇತ್ತು, ಬೆಳೆಯಲು ಒತ್ತಾಸೆ ಬೇಕಿತ್ತು. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಬೀಜವೇ ಇಲ್ಲ, ಗೊಬ್ಬರ ಎಷ್ಟು ಸುರಿದರೇನು? ಕೆಲವರಲ್ಲಿ ತುಸು ಏರುವುದುಂಟು, ಅದನ್ನು ನಂಬಿ ಕೂರಲಾಗದು.

ಇನ್ನೊಬ್ಬರ ನ್ಯೂಟ್ರೋಫಿಲ್‌ಗಳನ್ನೇ ತೆಗೆದು ಕೊಡಬಹುದಲ್ಲವೇ? ಕೊಡಬಹುದು, ಕೊಟ್ಟಿದ್ದೇವೆ. ದಾನಿಗೆ ಹಿಂದಿನ ದಿನ ಜಿ-ಸಿಎಸ್‌ಎಫ್ ಮತ್ತು ಡೆಕ್ಸಾಮೆಥಾಸೋನ್ ಕೊಟ್ಟು, ಮರುದಿನ ಗಂಟೆಗಟ್ಟಲೆ ಯಂತ್ರಕ್ಕೆ ಜೋಡಿಸಿ ಬಿಳಿ ಕಣಗಳನ್ನು ಬೇರ್ಪಡಿಸಬೇಕು. ಒಂದು ದಿನದೊಳಗೆ ಮಗುವಿಗೆ ಹಾಕಬೇಕು, ಮರುದಿನ ಇನ್ನೊಬ್ಬ ದಾನಿ. ಅಮೆರಿಕದಲ್ಲಿ ನಡೆದ ರಿಂಗ್ ಎಂಬ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. 114 ರೋಗಿಗಳಲ್ಲಿ, ಆ್ಯಂಟಿಬಯೋಟಿಕ್ ಜೊತೆ ಬಿಳಿ ಕಣ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಕಾದಷ್ಟು ರೋಗಿಗಳು ಸೇರಿರಲಿಲ್ಲ, ಹೆಚ್ಚು ಕಣ ಸಿಕ್ಕವರು ಕಡಿಮೆ ಸಿಕ್ಕವರಿಗಿಂತ ಚೆನ್ನಾಗಿದ್ದರು. ಹಾಗಾಗಿ ವಾದ ಮುಗಿದಿಲ್ಲ. ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಿದ್ದು, ಔಷಧ ಸೋಲುತ್ತಿದ್ದು, ಇನ್ನೊಂದೆರಡು ವಾರದಲ್ಲಿ ಕಸಿ ನಿಶ್ಚಯವಾಗಿದ್ದರೆ ಮಾತ್ರ ನಾನು ಅದಕ್ಕೆ ಕೈ ಹಾಕುತ್ತೇನೆ. ಆಚೆ ದಡವೇ ಇಲ್ಲದ ಕಡೆ ಸೇತುವೆ ಕಟ್ಟಿ ಏನು ಮಾಡುವುದು?

ಆ ದಡ ಎರಡು ಬಗೆಯದು. ಒಂದು, ಕುದುರೆಯ ರಕ್ತದಿಂದ ತೆಗೆದ ಎಟಿಜಿ ಮತ್ತು ಸೈಕ್ಲೋಸ್ಪೊರಿನ್ ಎಂಬ ಔಷಧಗಳು; ಮಜ್ಜೆಯನ್ನು ತಿನ್ನುತ್ತಿರುವ ಮೈಯದೇ ಲಿಂಫೋಸೈಟ್‌ಗಳನ್ನು ಅವು ಅಡಗಿಸುತ್ತವೆ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು, ಅಷ್ಟು ತಿಂಗಳೂ ಜ್ವರದ ಕಾವಲು ತಪ್ಪದು. ಇನ್ನೊಂದು, ಒಡಹುಟ್ಟಿದವರ ಮಜ್ಜೆಯ ಕಸಿ. ಒಬ್ಬ ಅಣ್ಣನೋ ತಂಗಿಯೋ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಹೊಂದಿದರೆ ಕಾಯದೆ ಕಸಿ. ನಮ್ಮ ದೇಶದಲ್ಲಿ 1983ರಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಮಜ್ಜೆ ಕಸಿ ಶುರುವಾಯಿತು, 1986ರಲ್ಲಿ ವೆಲ್ಲೂರಿನಲ್ಲಿ. ಈಗ ಬೆಂಗಳೂರಿನಲ್ಲೇ ಹಲವು ಕಡೆ ನಡೆಯುತ್ತದೆ.

ಕಸಿಗೆ ಮೊದಲು ಒಂದು ಪರೀಕ್ಷೆ ತಪ್ಪಬಾರದು. ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ಮದುವೆಯಾಗುವುದು ನಮ್ಮ ಕಡೆ ಹೊಸದಲ್ಲ. ಅಂಥ ಮನೆಗಳಲ್ಲಿ ಫಾನ್ಕೋನಿ ಅನೀಮಿಯಾ ಎಂಬ ಅನುವಂಶಿಕ ಮಜ್ಜೆಸೋಲು ಕಾಣುವ ಸಾಧ್ಯತೆ ಹೆಚ್ಚು. ಗಿಡ್ಡ ಮೈಕಟ್ಟು, ಹೆಬ್ಬೆರಳಿನಲ್ಲಿ ವ್ಯತ್ಯಾಸ, ಕಾಫಿ ಚೆಲ್ಲಿದಂಥ ಮಚ್ಚೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ವರ್ಣತಂತುಗಳು ಮುರಿಯುತ್ತವೆಯೇ ಎಂದು ನೋಡುವ ಪರೀಕ್ಷೆಯಿಂದ ಪತ್ತೆ. ಆ ಮಕ್ಕಳಿಗೆ ಕಸಿಗೆ ಮುನ್ನ ಕೊಡುವ ಕೀಮೋ ಸಾಮಾನ್ಯ ಪ್ರಮಾಣದಲ್ಲಿ ಕೊಟ್ಟರೆ ವಿಷ. ದಾನಿಯಾಗುವ ತಂಗಿಗೂ ಅದೇ ಪರೀಕ್ಷೆ ಮಾಡಿಸಬೇಕು.

ತಾಯಿಯೊಬ್ಬರು ಚೀಟಿ ಕಳುಹಿಸಿದ್ದಾರೆ: ಮಗುವಿಗೆ ಮಾವಿನಹಣ್ಣು ಕೊಡಬಹುದೇ? ಕೊಡಿ. ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು, ಮನೆಯಲ್ಲಿ ಹೆಚ್ಚಿ ಕೊಡಿ. ಹಸಿ ತರಕಾರಿ, ಹಣ್ಣು ಎಲ್ಲವನ್ನೂ ನಿಷೇಧಿಸುವ ಪಥ್ಯದಿಂದ ಸೋಂಕು ಕಡಿಮೆಯಾಗುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು, ಕಾಯಿಸದ ಹಾಲು, ಕಬ್ಬಿನ ಹಾಲು ಬೇಡ. ಮೆತ್ತನೆಯ ಬ್ರಷ್‌ನಿಂದ ಹಲ್ಲುಜ್ಜಿಸಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ಮುಟ್ಟುವವರೆಲ್ಲ ಕೈ ತೊಳೆಯಲಿ, ದೊಡ್ಡಪ್ಪನೂ. ಥರ್ಮಾಮೀಟರ್ ದೇವರ ಕೋಣೆಯ ಗೂಡಿನಲ್ಲಿದ್ದರೆ ಅಲ್ಲೇ ಇರಲಿ, ಎಲ್ಲಿದೆ ಎಂದು ಮನೆಯವರೆಲ್ಲರಿಗೂ ಗೊತ್ತಿರಲಿ. ಮತ್ತು ಒಂದು ರಟ್ಟಿನ ಚೀಟಿ ಜೊತೆಗಿರಲಿ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ: ‘ಈ ಮಗುವಿಗೆ ನ್ಯೂಟ್ರೋಫಿಲ್ ಇಲ್ಲ. ಜ್ವರ ಇದ್ದರೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಡಿ, ಆಮೇಲೆ ಕಳುಹಿಸಿ.’ ಔಷಧದ ಹೆಸರು, ನಮ್ಮ ಫೋನ್ ನಂಬರ್. ರಾತ್ರಿ ಪಾಳಿಯ ಹೊಸ ವೈದ್ಯರಿಗೆ ತಾಯಿ ಹೇಳುವ ಮಾತಿಗಿಂತ ಆ ಚೀಟಿಯ ಮಾತು ಬೇಗ ಕೇಳಿಸುತ್ತದೆ, ದುರದೃಷ್ಟವಶಾತ್.

ಆ ಹುಡುಗನಿಗೆ ಏನಾಯಿತು ಎಂದು ಕೇಳಬೇಕೆಂದಿದ್ದೀರಿ. ಮೆರೊಪೆನೆಮ್ ಎರಡು ವಾರ ನಡೆಯಿತು, ಗಟ್ಟಿಯಾಗಿದ್ದ ಜಾಗ ಮೆತ್ತಗಾಯಿತು. ಪೂರ್ತಿ ಮಾಯುವವರೆಗೆ ಕಾಯೋಣ ಎಂದು ಕೆಲವು ಸಹೋದ್ಯೋಗಿಗಳು, ಮಜ್ಜೆಯಿಲ್ಲದೆ ಪೂರ್ತಿ ಮಾಯುವುದೇ ಇಲ್ಲ ಎಂದು ನಾನು. ಹನ್ನೆರಡು ವರ್ಷದ ಅಕ್ಕನ ಮಜ್ಜೆ ಹೊಂದಿತು. ಏಳನೆಯ ವಾರ ಕಸಿಯಾಯಿತು. ಹದಿನೆಂಟನೆಯ ದಿನ ಬೆಳಿಗ್ಗೆ ರೌಂಡ್ಸ್‌ಗೆ ಹೋಗುವ ಮೊದಲೇ ನರ್ಸ್ ಒಬ್ಬರು ಕಾರಿಡಾರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ಹುಡುಗನ ಕೊರಳ ಬಳಿ ಪ್ಲಾಸ್ಟರ್ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತ್ತು, ಅದರ ತಲೆ ಹಳದಿ. “ಸರ್, ಕೀವು!” ಎಂದು ಅವರು ಹೇಳಿದ ಧಾಟಿಗೆ ಅಜ್ಜಿ ಗಾಬರಿಯಾದರು. ನಾವಿಬ್ಬರೂ ಏಕೆ ನಗುತ್ತಿದ್ದೇವೆ ಎಂದು ಅವರಿಗೆ ಬಿಡಿಸಿ ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. ಆ ದಿನದ ಎಣಿಕೆ ಮಧ್ಯಾಹ್ನ ಬಂತು: 620.